ಮೂವತ್ತು, ನಲವತ್ತು, ಐವತ್ತು

ಬೆಂಗಳೂರಾಗಲಿ, ಹಾಸನವಾಗಲಿ, ಹುಬ್ಬಳ್ಳಿಯಾಗಲಿ, ‘ಮೂವತ್ತು ನಲವತ್ತು’ ಅಂದರೆ ಸಾಕು, ಸೈಟಿನ ಮಾತು ಎಂದು ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಅಡಿ ಎಂದು ಹೇಳಬೇಕಿಲ್ಲ, ಉದ್ದ ಯಾವುದು ಅಗಲ ಯಾವುದು ಎಂದು ಬಿಡಿಸಬೇಕಿಲ್ಲ. ಸಾಲ ಮಾಡಿ ಕೊಂಡವರು, ಅಣ್ಣತಮ್ಮಂದಿರ ಪಾಲಿನಲ್ಲಿ ಪಡೆದವರು, ಇನ್ನೂ ಕನಸಿನಲ್ಲೇ ಇಟ್ಟುಕೊಂಡವರು, ಎಲ್ಲರ ಬಾಯಲ್ಲೂ ಅವೇ ಎರಡು ಅಂಕಿ. ಈ ಜೋಡಿಗೆ ಮೂರನೆಯ ಅಂಕಿಯೊಂದಿದೆ. ಕ್ರಯಪತ್ರದಲ್ಲಿ ಅದು ಬರುವುದಿಲ್ಲ, ಸೈಟು ತೋರಿಸುವವರೂ ಅದರ ಸುದ್ದಿ ಎತ್ತುವುದಿಲ್ಲ. ಅದು ಐವತ್ತು. ಸೈಟಿನ ಒಂದು ಮೂಲೆಯಿಂದ ಎದುರಿನ ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿ ಬರಬೇಕು. 30ರ ವರ್ಗ 900, 40ರ ವರ್ಗ 1600, ಎರಡೂ ಕೂಡಿದರೆ 2500, ಅದರ ವರ್ಗಮೂಲ 50. ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯ ಎಂದು ಕಲಿತದ್ದು ನಮ್ಮ ನಾಡಿನ ಬಡಾವಣೆ ಬಡಾವಣೆಗಳಲ್ಲಿ ನೆಲದ ಮೇಲೆ ಮಲಗಿದೆ.

50 ಬರದಿದ್ದರೆ ಏನಾಗಿದೆ ಎಂಬುದನ್ನೂ ಅದೇ ಟೇಪು ಹೇಳುತ್ತದೆ. ನಾಲ್ಕು ಬದಿಗಳು 30, 40, 30, 40 ಅಡಿ ಸರಿಯಾಗಿಯೇ ಇವೆ, ಆದರೆ ಒಂದು ಕರ್ಣ 51 ಅಡಿ ಬಂತು ಎನ್ನಿ. ಆಗ ಇನ್ನೊಂದು ಕರ್ಣ 49 ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ಸೈಟು ಆಯತವಾಗಿ ಉಳಿದಿಲ್ಲ, ಒಂದು ಕಡೆಗೆ ವಾಲಿದೆ. 30 ಅಡಿ ಬದಿಯ ತುದಿ ತಾನಿರಬೇಕಾದ ಜಾಗದಿಂದ 15 ಇಂಚು ಸರಿದು ಕೂತಿದೆ. ವಿಸ್ತೀರ್ಣ ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ, 1200 ಚದರಡಿಯಲ್ಲಿ ಹೋದದ್ದು ಸುಮಾರು ಒಂದು ಚದರಡಿ. ಕಾಗದದ ಮೇಲೆ ಯಾರ ಕಣ್ಣಿಗೂ ಬೀಳದ ತಪ್ಪು ಗೋಡೆ ಏಳುವಾಗ 15 ಇಂಚಾಗಿ ಎದುರು ನಿಲ್ಲುತ್ತದೆ.

ಮನೆ ಕಟ್ಟುವವರಿಗೆ, ರಜೆಯಲ್ಲಿ ತಾವೇ ಒಂದು ಕಪಾಟು ಜೋಡಿಸುವವರಿಗೆ, ಹಿತ್ತಲಲ್ಲಿ ಸೌದೆಗೊಂದು ಮಾಡು ಎಬ್ಬಿಸುವವರಿಗೆ ಬೇಕಾದ ಗಣಿತವೆಲ್ಲ ಹತ್ತನೇ ತರಗತಿಯ ಪುಸ್ತಕದೊಳಗೇ ಮುಗಿಯುತ್ತದೆ. ಲೆಕ್ಕ ಕಷ್ಟವಲ್ಲ, ಮೊಬೈಲಿನಲ್ಲೇ ಆಗುತ್ತದೆ. ಕಷ್ಟವಿರುವುದು ಯಾವ ತಪ್ಪು ಇದ್ದಲ್ಲೇ ಇರುತ್ತದೆ, ಯಾವುದು ಬೆಳೆಯುತ್ತ ಹೋಗುತ್ತದೆ ಎಂದು ಮೊದಲೇ ಗುರುತಿಸುವುದರಲ್ಲಿ. ಒಂದು ಇಂಚಿಗೆ ಎಂಟು ನೂಲು ಎನ್ನುತ್ತಾರೆ ಬಡಗಿಗಳು. ಕೆಲವು ಕಡೆ ಒಂದು ನೂಲಿಗೆ ಪ್ರಾಣ ಬಿಡಬೇಕು, ಕೆಲವು ಕಡೆ ಅರ್ಧ ಅಡಿ ಹೋದರೂ ಚಿಂತೆಯಿಲ್ಲ. ಈ ವಿವೇಕವೇ ಮನೆಗೆಲಸದ ಗಣಿತ ಎಂದು ನಾನು ನಂಬಿದ್ದೇನೆ.

ಪಾಯಕ್ಕೆ ಮಾರ್ಕಿಂಗ್ ಹಾಕುವ ದಿನವನ್ನೇ ನೋಡಿ. ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಮೂಲೆ ಸರಿಯಿದೆಯೇ ಎಂದು ನೋಡಲು ಕಬ್ಬಿಣದ ಮೂಲೆಮಟ್ಟ ಇಡುವವರಿದ್ದಾರೆ. ಅದರ ತೋಳು ಎರಡು ಅಡಿ ಇದೆ ಎನ್ನಿ. ಎರಡು ಅಡಿಯಲ್ಲಿ ಒಂದು ನೂಲು ಆಚೀಚೆಯಾದರೆ ಕಣ್ಣಿಗೆ ತಿಳಿಯುವುದೇ ಇಲ್ಲ, ದಾರದ ದಪ್ಪವೇ ಅಷ್ಟಿರುತ್ತದೆ. ಆದರೆ ಅದೇ ಗೆರೆ 40 ಅಡಿ ಓಡಿದಾಗ ತಪ್ಪು 20 ಪಟ್ಟಾಗಿ ಎರಡೂವರೆ ಇಂಚಾಗುತ್ತದೆ. ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದರೆ 40 ಅಡಿಯ ಕೊನೆಯಲ್ಲಿ ಗೋಡೆ ಎಂಟು ಇಂಚಿಗೂ ಮೀರಿ ಸರಿದಿರುತ್ತದೆ. ಆಮೇಲೆ ಟೈಲ್ಸ್ ಹಾಕುವಾಗ ಒಂದು ಗೋಡೆಯ ಪಕ್ಕ ಪೂರ್ತಿ ಟೈಲಿನಿಂದ ಶುರುವಾದ ಸಾಲು ಆ ತುದಿಗೆ ಹೋಗುವಷ್ಟರಲ್ಲಿ ಸೀಳಿನಂತೆ ಕಿರಿದಾಗುತ್ತದೆ. ಬಾಡಿಗೆ ಮನೆಗಳಲ್ಲಿ ಇದನ್ನು ನೋಡದವರು ಯಾರಿದ್ದಾರೆ?

ಅದಕ್ಕೇ ಪಳಗಿದ ಮೇಸ್ತ್ರಿಗಳು ಮೂಲೆಮಟ್ಟವನ್ನು ಬದಿಗಿಟ್ಟು ಟೇಪು ಕೈಗೆತ್ತಿಕೊಳ್ಳುತ್ತಾರೆ. ಒಂದು ದಾರದ ಮೇಲೆ ಮೂರು ಅಡಿಗೆ ಗುರುತು, ಇನ್ನೊಂದರ ಮೇಲೆ ನಾಲ್ಕು ಅಡಿಗೆ, ಎರಡು ಗುರುತುಗಳ ನಡುವೆ ಐದು ಅಡಿ ಬರುವವರೆಗೆ ಗೂಟ ಸರಿಸುವುದು. ಇದಕ್ಕಿಂತ ಮೇಲು 6-8-10. ಇನ್ನೂ ಮೇಲು 9-12-15. ಎಲ್ಲಕ್ಕಿಂತ ಮೇಲು ಇಡೀ ಕಟ್ಟಡವನ್ನೇ ತ್ರಿಕೋನವಾಗಿ ಬಳಸುವುದು. 30-40ರ ಮೇಲೆ 50 ಅಡಿ ಅಳೆಯುವಾಗ ಟೇಪು ಒಂದು ನೂಲು ತಪ್ಪಿತು ಎಂದೇ ಇಟ್ಟುಕೊಳ್ಳಿ, 30 ಅಡಿ ಬದಿಯ ತುದಿ ಸರಿಯುವುದು ಒಂದೂಕಾಲು ನೂಲು, ಅಷ್ಟೇ. ಮೂಲೆಮಟ್ಟದಲ್ಲಿ ಎರಡೂವರೆ ಇಂಚಾಗಿ ಬೆಳೆದ ತಪ್ಪು ಇಲ್ಲಿ ಹುಟ್ಟಿದಷ್ಟೇ ಇರುತ್ತದೆ. ಸುತ್ತ ಜಾಗ ಬಿಟ್ಟು 24-32ರ ಮನೆ ಕಟ್ಟುವವರಿಗೂ ಅದೃಷ್ಟವಿದೆ, ಅದರ ಕರ್ಣ ಪೂರ್ತಿ 40 ಅಡಿ. 20-30ಕ್ಕೆ 36 ಅಡಿಯ ಮೇಲೆ ಇಂಚಿನ ಮೂರನೇ ಎರಡು ಭಾಗ, 40-60ಕ್ಕೆ 72 ಅಡಿ ಒಂದೂ ಕಾಲು ಇಂಚಿನ ಮೇಲೆ ಚೂರು. ಟೇಪನ್ನು ಮಟ್ಟವಾಗಿ, ಜೋಲದಂತೆ ಬಿಗಿಯಾಗಿ ಹಿಡಿಯಬೇಕು. ಎರಡು ಕರ್ಣವನ್ನೂ ಅಳೆಯಬೇಕು. ಒಂದನ್ನೇ ಅಳೆದು ತೃಪ್ತಿಪಡುವುದು ಅರ್ಧ ಕೆಲಸ.

ಹಗ್ಗ, ಗೂಟ ಇಟ್ಟುಕೊಂಡು ನೆಲದ ಮೇಲೆ ಲಂಬಕೋನ ಹುಟ್ಟಿಸುವ ಈ ವಿದ್ಯೆ ಬಹಳ ಹಳೆಯದು. ಕ್ರಿಸ್ತಪೂರ್ವ 800ರ ಸುಮಾರಿನದೆಂದು ವಿದ್ವಾಂಸರು ಗಣಿಸುವ ಬೌಧಾಯನ ಶುಲ್ಬಸೂತ್ರ ಯಜ್ಞವೇದಿಗಳನ್ನು ಕಟ್ಟುವ ಕೈಪಿಡಿ. ಆಯತದ ಕರ್ಣದ ಮೇಲೆ ಕಟ್ಟಿದ ಚೌಕ, ಅದರ ಎರಡು ಬದಿಗಳ ಮೇಲಿನ ಚೌಕಗಳನ್ನು ಕೂಡಿಸಿದಷ್ಟಾಗುತ್ತದೆ ಎಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ಬದಿಗಳ ಜೋಡಿಗಳನ್ನೂ ಅದು ಕೊಡುತ್ತದೆ: 3-4, 12-5, 15-8, 7-24, 12-35, 15-36. ಪ್ರತಿ ಜೋಡಿಗೂ ಕರ್ಣ ಪೂರ್ಣಾಂಕವೇ. ಇಟ್ಟಿಗೆ ಜೋಡಿಸುವ ಕೈಗಳಿಗೆ ಭಿನ್ನರಾಶಿ ಬೇಡ ಎಂದು ಆಗಲೇ ಯೋಚಿಸಿದವರಿದ್ದರು.

ಮನೆ ಕಟ್ಟುವ ಮುನ್ನ ಆಯ ನೋಡಿಸುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಅದೂ ಲೆಕ್ಕವೇ, ಅಳತೆಯನ್ನು ಗುಣಿಸಿ ಎಂಟರಿಂದ ಭಾಗಿಸಿ ಉಳಿದ ಶೇಷಕ್ಕೆ ಧ್ವಜಾಯ, ಸಿಂಹಾಯ, ಗಜಾಯ ಎಂದು ಹೆಸರಿಡುತ್ತಾರೆ. ಅಷ್ಟು ಶ್ರದ್ಧೆಯಿಂದ ಇಂಚಿಂಚು ಹೊಂದಿಸಿದ ಅಳತೆಯನ್ನು ನೆಲಕ್ಕಿಳಿಸುವಾಗ ಕರ್ಣ ನೋಡದೆ ಬಿಟ್ಟುಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಲಗೆಯೂ ಗರಗಸದ ಹಲ್ಲೂ

ಪಾಯದ ಕೆಲಸ ಜೀವನದಲ್ಲಿ ಒಮ್ಮೆ ಬಂದರೆ ಹೆಚ್ಚು. ಪುಸ್ತಕದ ಕಪಾಟು, ಅಡುಗೆಮನೆಯ ಗೂಡು, ಚಪ್ಪಲಿ ಸ್ಟ್ಯಾಂಡು ಇವನ್ನೆಲ್ಲ ಭಾನುವಾರದ ಬಿಡುವಿನಲ್ಲಿ ತಾವೇ ಮಾಡುವವರು ಈಗ ಹೆಚ್ಚಾಗಿದ್ದಾರೆ. ಡ್ರಿಲ್ ಮಶೀನು, ಕೈಗರಗಸ ಎಲ್ಲ ಮನೆಬಾಗಿಲಿಗೆ ಬರುತ್ತವೆ. ಅಳತೆ ಮಾತ್ರ ನಾವೇ ತರಬೇಕು.

ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. ಒಂದೊಂದು ಅಡಿ ಅಗಲದ ತಟ್ಟು ಬೇಕು, ಎಂಟು ಅಡಿಯ ಹಾಳೆಯಲ್ಲಿ ಎಷ್ಟು ಬರುತ್ತವೆ? ಎಂಟು ಎಂದು ಯಾರಾದರೂ ಹೇಳಿಯಾರು. ಬರುವುದು ಏಳು. ಹಾಳೆ 2440 ಮಿಲಿಮೀಟರ್, ಒಂದು ಅಡಿ ಅಂದರೆ 305 ಮಿಲಿಮೀಟರಿಗೆ ಚೂರು ಕಡಿಮೆ. ಎಂಟು ತುಂಡಿಗೆ ಏಳು ಸಲ ಕೊಯ್ಯಬೇಕು, ಕೊಯ್ದಾಗಲೆಲ್ಲ ಗರಗಸದ ಹಲ್ಲು ಸುಮಾರು 3 ಮಿಲಿಮೀಟರ್ ಮರವನ್ನು ಹುಡಿ ಮಾಡುತ್ತದೆ. ಏಳು ಮೂರಲ ಇಪ್ಪತ್ತೊಂದು. ಕೊನೆಯ ತುಂಡು ಮುಕ್ಕಾಲು ಇಂಚು ಗಿಡ್ಡವಾಗುತ್ತದೆ. ಪ್ರತಿ ತಟ್ಟನ್ನೂ 300 ಮಿಲಿಮೀಟರಿಗೆ ಇಳಿಸಿ, ಎಂಟೂ ಬಂದು 19 ಮಿಲಿಮೀಟರ್ ಉಳಿಯುತ್ತದೆ. ಐದು ಮಿಲಿಮೀಟರ್ ಬಿಟ್ಟುಕೊಟ್ಟರೆ ಇಡೀ ಒಂದು ಹಲಗೆ ಸಿಗುತ್ತದೆ.

ಮರ ಕೊಯ್ಯುವ ಲೆಕ್ಕವನ್ನು ನಮ್ಮವರು ಗ್ರಂಥಕ್ಕೆ ಏರಿಸಿದ್ದಾರೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತವಿದೆ, ಹಳ್ಳ ತೋಡುವ ಲೆಕ್ಕವಿದೆ, ಇಟ್ಟಿಗೆ ಒಟ್ಟುವ ಲೆಕ್ಕವಿದೆ, ಗರಗಸದ ಕೆಲಸಕ್ಕೇ ಒಂದು ಪ್ರಕರಣವಿದೆ. ಅಡುಗೆಗೂ ವಾಸ್ತುವಿಗೂ ಗಣಿತ ಬೇಕು ಎಂದು ಆತ ಆರಂಭದಲ್ಲೇ ಸಾರುತ್ತಾನೆ. 12ನೇ ಶತಮಾನದ ರಾಜಾದಿತ್ಯ ಇನ್ನೂ ಮುಂದೆ ಹೋಗಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲೇ ಬರೆದ. ಲೆಕ್ಕ ಕೆಲಸಗಾರನ ಭಾಷೆಯಲ್ಲಿರಬೇಕು ಎಂಬ ಅವನ ನಿಲುವಿಗೆ ನಾವು ಕೃತಜ್ಞರಾಗಿರಬೇಕು.

ಕಪಾಟಿಗೆ ಮರಳೋಣ. ಹೊರ ಅಗಲ 900 ಮಿಲಿಮೀಟರ್, ಪ್ಲೈವುಡ್ ದಪ್ಪ 18. ಒಳಗಿನ ತಟ್ಟಿನ ಉದ್ದ 900 ಅಲ್ಲ, ಎರಡು ಬದಿಯ ದಪ್ಪ ಕಳೆದು 864. ಇದನ್ನು ಚೀಟಿಯಲ್ಲಿ ಬರೆಯದೆ ಅಂಗಡಿಯಲ್ಲೇ ಹಾಳೆ ಕೊಯ್ಸಿದರೆ ಮನೆಗೆ ಬಂದದ್ದು ಯಾವುದೂ ಕೂಡುವುದಿಲ್ಲ. ಜೋಡಿಸಿ ಅಂಟು ಹಚ್ಚಿದ ಮೇಲೆ, ಅಂಟು ಒಣಗುವ ಮುನ್ನ, ಮತ್ತೆ ಎರಡು ಕರ್ಣ ಅಳೆಯಬೇಕು. ಎದುರು ಬದುರು ಬದಿಗಳು ಸಮನಾಗಿದ್ದು ಕರ್ಣಗಳೂ ಸಮನಾದರೆ ಚೌಕಟ್ಟು ಸರಿ. ಹೆಚ್ಚು ಕಡಿಮೆಯಾದರೆ ಉದ್ದ ಬಂದ ಕರ್ಣದ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಪಡಿಸಬಹುದು. ಬಾಗಿಲ ಚೌಕಟ್ಟು ನಿಲ್ಲಿಸುವ ಬಡಗಿಯೂ ಇದನ್ನೇ ಮಾಡುತ್ತಾನೆ. ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತದೆ ಎಂದು ಮರವನ್ನು ದೂರುವ ಮೊದಲು ಕರ್ಣ ಅಳೆದು ನೋಡಿ.

ಇನ್ನು ತಟ್ಟು ಬಾಗುವುದು. ಪುಸ್ತಕ ತುಂಬಿದ ಹಲಗೆ ನಡುವಿನಲ್ಲಿ ಜೋಲುವುದಕ್ಕೆ ಒಂದು ನಿಯಮವಿದೆ: ಉದ್ದಕ್ಕೂ ಒಂದೇ ಸಮ ಭಾರ ಹೇರಿದಾಗ ಜೋಲು ಉದ್ದದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಎರಡು ಅಡಿಯ ತಟ್ಟನ್ನು ಮೂರು ಅಡಿಗೆ ಹಿಗ್ಗಿಸಿದರೆ ಜೋಲು ಒಂದೂವರೆ ಪಟ್ಟಲ್ಲ, ಐದು ಪಟ್ಟು. ನಾಲ್ಕು ಅಡಿಗೆ ಒಯ್ದರೆ 16 ಪಟ್ಟು. ಹಲಗೆಯ ದಪ್ಪ ಇಮ್ಮಡಿಸಿದರೆ ಜೋಲು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಒಂದು ಆಸರೆ ಕೊಡುವುದು ದುಬಾರಿ ಮರ ತರುವುದಕ್ಕಿಂತ ಎಷ್ಟೋ ಲೇಸು.

ಸಮಪಾಲು ಮಾಡುವುದಕ್ಕೆ ಒಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಹನ್ನೊಂದು ಮುಕ್ಕಾಲು ಇಂಚು ಅಗಲದ ಹಲಗೆಯನ್ನು ಐದು ಸಮಭಾಗ ಮಾಡಬೇಕು. ಭಾಗಿಸಲು ಹೋದರೆ 2.35 ಇಂಚು, ಟೇಪಿನಲ್ಲಿ ಅಂಥ ಗೆರೆಯೇ ಇಲ್ಲ. ಟೇಪನ್ನು ಓರೆಯಾಗಿ ಇಡಿ. ಸೊನ್ನೆ ಒಂದು ಅಂಚಿನ ಮೇಲೆ, 15 ಇಂಚು ಎದುರಿನ ಅಂಚಿನ ಮೇಲೆ ಬರುವಂತೆ ಓರೆ ಮಾಡಿ 3, 6, 9, 12ರಲ್ಲಿ ಚುಕ್ಕಿ ಹಾಕಿ. ಅಂಚಿಗೆ ಸಮಾಂತರವಾಗಿ ಗೆರೆ ಎಳೆದರೆ ಐದು ಪಾಲೂ ಸಮ. ಸಮಾಂತರ ರೇಖೆಗಳು ಓರೆಗೆರೆಯನ್ನು ಯಾವ ಪ್ರಮಾಣದಲ್ಲಿ ಕತ್ತರಿಸುತ್ತವೆಯೋ ನೇರಗೆರೆಯನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತವೆ. ಥೇಲ್ಸನ ಪ್ರಮೇಯ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ ಇದು.

ನೀರಿನ ಮಟ್ಟ, ಕಾಲಿನ ನೆನಪು

ಮಟ್ಟ ನೋಡುವುದಕ್ಕೆ ರಸಮಟ್ಟವಿದೆ, ಈಗ ಹಸಿರು ಗೆರೆ ಬೀರುವ ಲೇಸರೂ ಬಂದಿದೆ. ಆದರೂ ಕಟ್ಟಡದ ಕೆಲಸದಲ್ಲಿ ನನಗೆ ಅತಿ ನಂಬಿಕೆಯ ಉಪಕರಣ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ. ಒಬ್ಬ ಈ ಕೋಣೆಯಲ್ಲಿ, ಇನ್ನೊಬ್ಬ ಆ ಕೋಣೆಯಲ್ಲಿ, ನಡುವೆ ಗೋಡೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ‘ಸ್ವಲ್ಪ ಇಳ್ಸು… ಇನ್ನೊಂಚೂರು… ಹಾಂ, ನಿಂತಿತು, ಗೆರೆ ಹಾಕು’ ಎಂದು ಕೂಗು ಹೋಗುತ್ತದೆ. ಬಾಗಿಲು ದಾಟಿ, ಮೂಲೆ ತಿರುಗಿ, ಜಲ್ಲಿ ರಾಶಿಯ ಮೇಲೆ ಹಾದುಹೋದರೂ ಕೊಳವೆಯ ಎರಡು ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಒಂದು ಅಡಿಯ ರಸಮಟ್ಟವನ್ನು ಸರಿಸುತ್ತ ಸರಿಸುತ್ತ 40 ಅಡಿ ಹೋದರೆ ನಲವತ್ತು ಸಣ್ಣ ತಪ್ಪುಗಳು ಕೂಡಿಕೊಳ್ಳಬಹುದು. ನೀರಿಗೆ ದೂರದ ಪರಿವೆ ಇಲ್ಲ, 10 ಅಡಿಗೂ 50 ಅಡಿಗೂ ತಪ್ಪು ಅಷ್ಟೇ.

ಎಚ್ಚರಿಕೆ ಬೇಕಾದದ್ದು ಗುಳ್ಳೆಯ ವಿಷಯದಲ್ಲಿ. ಕೊಳವೆಯೊಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಮಟ್ಟ ಸುಳ್ಳು ಹೇಳುತ್ತದೆ. ನಲ್ಲಿಗೆ ಸಿಕ್ಕಿಸಿ ತುಂಬುವುದಕ್ಕಿಂತ ಬಕೆಟ್ಟನ್ನು ಎತ್ತರದಲ್ಲಿಟ್ಟು ಒಂದು ತುದಿ ಅದ್ದಿ ಇನ್ನೊಂದರಿಂದ ಎಳೆದು ತುಂಬಿದರೆ ಗುಳ್ಳೆ ಕಡಿಮೆ. ತುಂಬಿದ ಮೇಲೆ ಎರಡು ತುದಿಯನ್ನೂ ಜೋಡಿಸಿ ಹಿಡಿದು ನೀರು ಸಮನಾಗಿದೆಯೇ ನೋಡಬೇಕು, ಓದುವಾಗ ಎರಡು ಬಾಯಿಯಿಂದಲೂ ಹೆಬ್ಬೆರಳು ತೆಗೆದಿರಬೇಕು. ರಸಮಟ್ಟವನ್ನೂ ಪರೀಕ್ಷಿಸದೆ ನಂಬಬಾರದು. ಒಂದು ಜಾಗದಲ್ಲಿಟ್ಟು ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ತಿರುಗಿಸಿ ಇಡಿ. ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಲ್ಲದಿದ್ದರೆ ಅದು ಕೆಟ್ಟಿದೆ.

ಎಲ್ಲ ಕಡೆಯೂ ಮಟ್ಟವೇ ಬೇಕು ಎಂದಲ್ಲ. ಬಚ್ಚಲಿಗೆ ಇಳಿಜಾರು ಬೇಕು. ಐದು ಅಡಿಗೆ ಒಂದು ಇಂಚು ಅಂದರೆ 60ಕ್ಕೆ 1. ಅಷ್ಟಿದ್ದರೆ ನೀರು ನಿಲ್ಲುವುದಿಲ್ಲ, ಕಾಲೂ ಜಾರುವುದಿಲ್ಲ. ತಾರಸಿಗೆ 10 ಅಡಿಗೆ ಸುಮಾರು ಒಂದೂ ಕಾಲು ಇಂಚು ಸಾಕು.

ಮೆಟ್ಟಿಲಿನ ವಿಷಯಕ್ಕೆ ಬಂದರೆ ನಾನು ಸುಲಭವಾಗಿ ಮುಂದೆ ಹೋಗಲಾರೆ. ಮನೆಯ ಅಷ್ಟೂ ಭಾಗಗಳಲ್ಲಿ ಗಣಿತದ ತಪ್ಪು ನೇರವಾಗಿ ಮೈಮೂಳೆಗೆ ತಾಗುವುದು ಇಲ್ಲೇ. ಮೆಟ್ಟಿಲು ಹತ್ತುವಾಗ ಯಾರೂ ಪ್ರತಿ ಮೆಟ್ಟಿಲನ್ನೂ ನೋಡುವುದಿಲ್ಲ. ಮೊದಲ ಎರಡು ಮೂರು ಮೆಟ್ಟಿಲಲ್ಲಿ ಕಾಲು ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ಕಣ್ಣು ಬೇರೆಡೆ ಇರುತ್ತದೆ. ನಡುವೆ ಒಂದು ಮೆಟ್ಟಿಲು ಬೇರೆ ಎತ್ತರದ್ದಾದರೆ ಬೀಳುವುದು ವಯಸ್ಸಾದವರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಕೈಯಲ್ಲಿ ಬಟ್ಟೆಯ ಬಕೆಟ್ಟು ಹಿಡಿದವರು. ಅಮೆರಿಕದ ವಸತಿ ಕಟ್ಟಡ ಸಂಹಿತೆ ಒಂದೇ ಸಾಲಿನ ಅತಿ ಎತ್ತರದ ಮೆಟ್ಟಿಲಿಗೂ ಅತಿ ಗಿಡ್ಡದಕ್ಕೂ 3/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಸಲ್ಲದು ಎನ್ನುತ್ತದೆ. ಅಂದರೆ ಮೂರು ನೂಲು.

ಮೆಟ್ಟಿಲಿನ ಹದಕ್ಕೆ ಹಳೆಯ ಸೂತ್ರವೊಂದಿದೆ. ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ 17ನೇ ಶತಮಾನದಲ್ಲಿ ಕೊಟ್ಟದ್ದು: ಎತ್ತರದ ಎರಡರಷ್ಟಕ್ಕೆ ಕಾಲಿಡುವ ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು. ನಮ್ಮ ಅಳತೆಯಲ್ಲಿ 24 ಇಂಚಿನ ಆಸುಪಾಸು. ಎತ್ತರ 7, ಅಗಲ 10 ಇಟ್ಟರೆ 14ಕ್ಕೆ 10 ಕೂಡಿ 24. ಎತ್ತರ 6 ಮಾಡಿದರೆ ಅಗಲ 12. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗಳಲ್ಲಿ ಮೆಟ್ಟಿಲ ಎತ್ತರ 19 ಸೆಂಟಿಮೀಟರ್ ಮೀರಬಾರದು, ಅಗಲ 25 ಸೆಂಟಿಮೀಟರಿಗೆ ಕಡಿಮೆ ಇರಬಾರದು ಎನ್ನುತ್ತದೆ. 7 ಮತ್ತು 10 ಅದರೊಳಗೆ ಸರಿಯಾಗಿ ಕೂರುತ್ತವೆ.

ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ ಇದ್ದರೆ 126 ಇಂಚು, ಏಳರಿಂದ ಭಾಗಿಸಿದರೆ 18 ಮೆಟ್ಟಿಲು. ಲೆಕ್ಕ ಇಷ್ಟು ಸಲೀಸಾಗಿ ಎಲ್ಲ ಕಡೆ ಬರುವುದಿಲ್ಲ. 129 ಇಂಚು ಬಂದರೆ? ಏಳೇಳು ಇಂಚಿನಂತೆ ಹಾಕಿಕೊಂಡು ಹೋಗಿ ‘ಕೊನೆಗೆ ನೋಡ್ಕೊಳ್ಳೋಣ ಬಿಡಿ ಸಾರ್’ ಎಂದರೆ ಕೊನೆಯ ಮೆಟ್ಟಿಲಿಗೆ 10 ಇಂಚು ಉಳಿಯುತ್ತದೆ. ಆ ಮೂರು ಇಂಚನ್ನು ಹದಿನೆಂಟಕ್ಕೂ ಹಂಚಬೇಕು. ಒಂದೊಂದಕ್ಕೆ ಇಂಚಿನ ಆರನೇ ಒಂದು ಭಾಗ, ಟೇಪಿನಲ್ಲಿ ಇಲ್ಲದ ಅಳತೆ. ಹಲಗೆಗೆ ಬಳಸಿದ ಓರೆ ಟೇಪಿನ ಉಪಾಯ ಗೋಡೆಗೂ ಆಗುತ್ತದೆ. ಕೆಳಗಿನ ನೆಲದ ಗೆರೆಯಿಂದ ಮೇಲಿನ ನೆಲದ ಗೆರೆಗೆ ಟೇಪನ್ನು 135 ಇಂಚು ಬರುವಷ್ಟು ಓರೆಯಾಗಿ ಹಿಡಿದು ಏಳೂವರೆ ಇಂಚಿಗೊಂದು ಗುರುತು ಹಾಕಿದರೆ ಹದಿನೆಂಟು ಸಮಪಾಲು. ಗುರುತಿನಿಂದ ನೀರುಕೊಳವೆಯಲ್ಲಿ ಮಟ್ಟ ಎಳೆದುಕೊಂಡರಾಯಿತು.

ಇಷ್ಟು ಮಾಡಿದ ಮೇಲೂ ಒಂದು ಮೋಸ ಉಳಿದಿರುತ್ತದೆ, ಅದು ಟೈಲ್ಸಿನದು. ಮೆಟ್ಟಿಲು ಕಟ್ಟುವಾಗ ನೆಲಕ್ಕಿನ್ನೂ ಟೈಲ್ಸ್ ಬಂದಿರುವುದಿಲ್ಲ. ನೆಲದ ಟೈಲ್ಸು ಅದರ ಗಾರೆ ಸೇರಿ ಎರಡೂವರೆ ಇಂಚು, ಮೆಟ್ಟಿಲ ಗ್ರಾನೈಟು ಗಾರೆ ಸೇರಿ ಒಂದೂವರೆ ಇಂಚು ಎನ್ನಿ. ಎಲ್ಲ ಮೆಟ್ಟಿಲೂ ಒಂದೂವರೆ ಇಂಚು ಏರುವುದರಿಂದ ನಡುವಿನ ಎತ್ತರಗಳು ಬದಲಾಗುವುದಿಲ್ಲ. ಆದರೆ ಕೆಳಗಿನ ನೆಲ ಎರಡೂವರೆ ಏರಿ ಮೊದಲ ಮೆಟ್ಟಿಲನ್ನು ಒಂದು ಇಂಚು ನುಂಗುತ್ತದೆ, ಮೇಲಿನ ನೆಲ ಅಷ್ಟೇ ಏರಿ ಕೊನೆಯ ಮೆಟ್ಟಿಲಿಗೆ ಒಂದು ಇಂಚು ಸೇರಿಸುತ್ತದೆ. ಏಳೇಳು ಇಂಚು ಎಂದು ಕಟ್ಟಿದ್ದು 6, 7, 7… 7, 8 ಆಗುತ್ತದೆ. ಮಹಡಿಯಿಂದ ಇಳಿಯುವವರಿಗೆ ಮೊದಲ ಹೆಜ್ಜೆಯಲ್ಲೇ 8 ಇಂಚು. ಆದ್ದರಿಂದ ಅಳತೆ ಹಿಡಿಯಬೇಕಾದದ್ದು ಟೈಲ್ಸ್ ಹಾಕಿದ ಮೇಲಿನ ನೆಲದಿಂದ ನೆಲಕ್ಕೆ. ಒರಟು ಮೆಟ್ಟಿಲು ಕಟ್ಟುವಾಗ ಮೊದಲನೆಯದನ್ನು ಬೇಕೆಂದೇ 8, ಕೊನೆಯದನ್ನು 6 ಬಿಡಬೇಕು. ಮೇಸ್ತ್ರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಗೋಡೆಯ ಮೇಲೆ ಗೆರೆ ಹಾಕಿಸಬೇಕು.

ಚೀಲ, ಬಕೆಟ್ಟು, ಹಂಚು

ಹಿತ್ತಲಲ್ಲಿ ಬಟ್ಟೆ ಒಗೆಯಲು, ಬೈಕು ನಿಲ್ಲಿಸಲು ಒಂದು ಚದರ, ಅಂದರೆ 100 ಚದರಡಿ ನೆಲಕ್ಕೆ ನಾಲ್ಕು ಇಂಚು ಕಾಂಕ್ರೀಟು ಹಾಕಬೇಕು. 100ನ್ನು ಮೂರರಿಂದ ಭಾಗಿಸಿದರೆ 33 ಘನ ಅಡಿಯ ಮೇಲೆ ಚೂರು. ಅಷ್ಟೇ ಸಾಮಾನು ತಂದರೆ ಕಡಿಮೆ ಬೀಳುತ್ತದೆ, ಏಕೆಂದರೆ ಜಲ್ಲಿಯ ಸಂದಿನಲ್ಲಿ ಮರಳು, ಮರಳಿನ ಸಂದಿನಲ್ಲಿ ಸಿಮೆಂಟು ಅಡಗಿಕೊಳ್ಳುತ್ತದೆ. ಒಣ ಸಾಮಾನು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, 1.54 ಪಟ್ಟು ಬೇಕು ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ಅಲ್ಲಿಗೆ 51 ಘನ ಅಡಿ. 1:2:4ರ ಮಿಶ್ರಣದಲ್ಲಿ ಏಳು ಪಾಲು. ಸಿಮೆಂಟು ಏಳು ಚಿಲ್ಲರೆ ಘನ ಅಡಿ, 50 ಕಿಲೋ ಚೀಲದಲ್ಲಿ ಒಂದೂ ಕಾಲು ಘನ ಅಡಿಗೆ ಚೂರು ಕಡಿಮೆ ಇರುವುದರಿಂದ ಆರು ಚೀಲ. ಮರಳು 15, ಜಲ್ಲಿ 30 ಘನ ಅಡಿ. ಒಂದು ಚದರಕ್ಕೆ ಆರು ಚೀಲ ಎಂದು ನೆನಪಿಟ್ಟರೆ ಸಾಕು. ಗೋಡೆಗಾದರೆ 16-8 ಇಂಚಿನ ಬ್ಲಾಕು ಎಂಟು ಚದರಡಿಗೆ ಒಂಬತ್ತು. ಗಾರೆಯ ಸಂದು ಲೆಕ್ಕಕ್ಕೆ ಹಿಡಿಯದ್ದರಿಂದ ಒಡೆದು ಹೋಗುವುದಕ್ಕೂ ಅದರಲ್ಲೇ ಜಾಗವಿದೆ.

ಈ ಅಂಕಿಗಳಲ್ಲಿ ಅರ್ಧ ಚೀಲ ಹೆಚ್ಚು ಕಡಿಮೆಯಾದರೆ ಏನೂ ಮುಳುಗುವುದಿಲ್ಲ. ಮುಳುಗುವುದು ನೀರಿನಲ್ಲಿ. ಸಿಮೆಂಟಿಗೆ ನೀರಿನ ಅನುಪಾತ ಏರಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂದು ಕಾಂಕ್ರೀಟು ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿದ್ದಾನೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಕೇಳುವ ಕನಿಷ್ಠ ದರ್ಜೆ ಎಂ20. ಅದರ ನಾಮಿನಲ್ ಮಿಶ್ರಣಕ್ಕೆ 50 ಕಿಲೋ ಚೀಲಕ್ಕೆ 30 ಲೀಟರ್ ಮೀರಿ ನೀರು ಹಾಕಕೂಡದು. ಮರಳಿನಲ್ಲಿರುವ ಪಸೆಯೂ ಅದರಲ್ಲೇ ಸೇರಬೇಕು. ಹತ್ತು ಲೀಟರಿನ ಬಕೆಟ್ಟಿಗೆ ಗೆರೆ ಹಾಕಿ ಪಕ್ಕದಲ್ಲಿಟ್ಟರೆ ಸಾಕು, ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಪೈಪು ಹಿಡಿದು ‘ಇನ್ನೂ ಸ್ವಲ್ಪ ಬಿಡಿ, ಜಾರ್ಲಿ’ ಎನ್ನುವ ದನಿ ಕೇಳಿದಾಗ ಮಾತ್ರ ಮನೆಯವರು ಹತ್ತಿರ ನಿಂತಿರಬೇಕು. ಮೋಲ್ಡಿನ ಕಂಬಿ ಎಷ್ಟು, ಪಿಲ್ಲರ್ ಎಲ್ಲಿ ಎನ್ನುವ ಲೆಕ್ಕ ಬೇರೆ, ಅದು ಇಂಜಿನಿಯರದ್ದೇ.

ಮರಳಿನ ಪಸೆ ಇನ್ನೊಂದು ಆಟ ಆಡುತ್ತದೆ. ತುಸು ಒದ್ದೆಯಾದ ಮರಳು ಉಬ್ಬುತ್ತದೆ, ಎರಡು ಬಾಂಡ್ಲಿ ಹಾಕಿದೆವು ಎಂದುಕೊಂಡಾಗ ನಿಜವಾಗಿ ಒಂದೂವರೆ ಚಿಲ್ಲರೆ ಬಿದ್ದಿರುತ್ತದೆ. ಪರೀಕ್ಷೆ ಸುಲಭ. ನೇರ ಬದಿಯ ಡಬ್ಬದಲ್ಲಿ 20 ಸೆಂಟಿಮೀಟರ್ ಎತ್ತರಕ್ಕೆ ಮರಳು ಸಡಿಲವಾಗಿ ಸುರಿದು, ತೆಗೆದು, ಡಬ್ಬಕ್ಕೆ ಅರ್ಧ ನೀರು ತುಂಬಿ, ಅದೇ ಮರಳನ್ನು ಮತ್ತೆ ಹಾಕಿ ಕದಡಿ ಬಿಡಿ. 16ಕ್ಕೆ ಇಳಿಯಿತೇ? ಉಬ್ಬು ಕಾಲುಭಾಗ. ಎರಡು ಅಳತೆಯ ಬದಲು ಎರಡೂವರೆ ಹಾಕಬೇಕು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಕಾಂಕ್ರೀಟಿಗಿಂತ ಹಂಚಿನ ಮಾಡೇ ಮನೆಮಂದಿಯ ಕೈಗೆ ಒಗ್ಗಿದ ಕೆಲಸ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅದು ಊರೂರಿಗೆ ಹಬ್ಬಿತು. ಮಾಡಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಎಡವುವುದು ನೆಲದ ಅಳತೆಗೇ ಹಂಚು ತರುವುದರಲ್ಲಿ. 16 ಅಡಿ ಅಗಲದ ಕೊಟ್ಟಿಗೆಗೆ ನಡುವೆ ಆರು ಅಡಿ ಎತ್ತರ ಕೊಟ್ಟರೆ ಅರ್ಧ ಅಗಲ 8, ಎತ್ತರ 6, ಓರೆ 10. ಇಲ್ಲೂ ಅದೇ ಮೂರು ನಾಲ್ಕು ಐದು. ಎಂಟಡಿ ನೆಲ ಮುಚ್ಚಲು ಹತ್ತಡಿ ಮಾಡು, ಅಂದರೆ ಕಾಲುಭಾಗ ಹೆಚ್ಚು. ಸೂರು ಎರಡೂ ಕಡೆ ಎರಡೆರಡು ಅಡಿ ಚಾಚಿ, ಉದ್ದವೂ ಸೂರೂ ಸೇರಿ 20 ಅಡಿ ಇದ್ದರೆ ನೆಲದ ನೆರಳು 400 ಚದರಡಿ, ಮಾಡು 500 ಚದರಡಿ. ಚದರಕ್ಕೆ 150 ಹಂಚಿನಂತೆ 600 ತಂದರೆ ಸಾಲದು, 750 ಬೇಕು. ಇಳಿಜಾರು ಒಂದೇ ಆಗಿದ್ದರೆ ಎರಡು ಕಡೆ ಇಳಿಯುವ ಮಾಡಿಗೂ ನಾಲ್ಕು ಕಡೆ ಇಳಿಯುವ ಮಾಡಿಗೂ ಈ ಕಾಲುಭಾಗವೇ ಲೆಕ್ಕ, ಕತ್ತರಿಸಿ ಹೋಗುವ ಹಂಚು ಮಾತ್ರ ನಾಲ್ಕು ಕಡೆಯದರಲ್ಲಿ ಹೆಚ್ಚು.

ಸೂರು ಎರಡು ಅಡಿ ಚಾಚುವುದರಿಂದ ಓರೆಯಲ್ಲಿ ಎರಡೂವರೆ ಸೇರಿ ಹಂಚು ಹೊರುವ ಓರೆಮರದ, ಅಂದರೆ ಪಕಾಸಿಯ, ಉದ್ದ ಹನ್ನೆರಡೂವರೆ ಅಡಿ. 20 ಅಡಿಗೆ ಎರಡಡಿಗೊಂದು ಪಕಾಸಿ ಎಂದರೆ ಹತ್ತಲ್ಲ, ಹನ್ನೊಂದು. ಸಂದು ಹತ್ತು, ಪಕಾಸಿ ಒಂದು ಹೆಚ್ಚು. ಎರಡು ಕಡೆಗೆ 22. ಕೊಯ್ಯುವ ಮೊದಲು ಅಂಗಳದಲ್ಲಿ ಸುಣ್ಣದ ಗೆರೆಯಿಂದ 8, 6, 10ರ ತ್ರಿಕೋನವನ್ನು ನಿಜ ಅಳತೆಯಲ್ಲೇ ಬರೆದು, ಮೊದಲ ಪಕಾಸಿಯನ್ನು ಅದರ ಮೇಲೆ ಮಲಗಿಸಿ ತಲೆಯ ಓರೆ, ಗೋಡೆಯ ಮೇಲೆ ಕೂರುವ ಕಚ್ಚು ಎರಡನ್ನೂ ಗುರುತಿಸಿಕೊಳ್ಳಿ. ಎರಡನೆಯದನ್ನು ಮೊದಲನೆಯದರ ಮೇಲಿಟ್ಟು ಗೆರೆ ಹಾಕಿ ಕೊಯ್ಯಬೇಕು. ಮೂರನೆಯದನ್ನೂ ಮೊದಲನೆಯದರ ಮೇಲೆಯೇ. ಈಗ ಕೊಯ್ದದ್ದು ಕೈಗೆ ಹತ್ತಿರವಿದೆ ಎಂದು ಅದನ್ನೇ ಮುಂದಿನದಕ್ಕೆ ಅಚ್ಚು ಮಾಡಿದರೆ, ಪ್ರತಿ ಸಲ ಪೆನ್ಸಿಲ್ ಗೆರೆಯ ದಪ್ಪದಲ್ಲಿ ಅರ್ಧ ನೂಲು ಸೇರಿಕೊಂಡು 22ನೆಯದು ಮೊದಲನೆಯದಕ್ಕಿಂತ ಒಂದೂ ಕಾಲು ಇಂಚಿಗೂ ಹೆಚ್ಚು ಉದ್ದವಾಗಿರುತ್ತದೆ, ಕೊಟ್ಟಿಗೆಯ ನೆತ್ತಿ ಒಂದು ಕಡೆಗೆ ಏರಿಬಿಡುತ್ತದೆ. ಮೊದಲ ಪಕಾಸಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಅಚ್ಚು’ ಎಂದು ಬರೆಯಿರಿ, ಉಳಿದ ಇಪ್ಪತ್ತೊಂದೂ ಕೊಯ್ದು ಮುಗಿಯುವವರೆಗೆ ಅದನ್ನು ಯಾರೂ ಮೇಲಕ್ಕೆ ಸಾಗಿಸದಂತೆ ನೋಡಿಕೊಳ್ಳಿ.